ಹಳೆಯ ಜೀಪಿನ ಇಂಜಿನ್ನು: ಮೊದಲು ಅಳತೆ, ಆಮೇಲೆ ರಿಪೇರಿ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಸಣ್ಣ ಬೆಳೆಗಾರರಲ್ಲಿ ಅನೇಕರ ಮನೆಯ ಮುಂದೆ ಈಗಲೂ ಹಳೆಯ ಡೀಸೆಲ್ ಜೀಪು ನಿಂತಿರುತ್ತದೆ. ಹೊಸ ಗಾಡಿಯ ಬೆಲೆ ನಮ್ಮ ಕೈಗೆ ಎಟುಕುವಂಥದಲ್ಲ. ತೋಟದ ಕೊರಕಲು ದಾರಿಗೆ ಇದಕ್ಕಿಂತ ಒಗ್ಗುವ ವಾಹನವೂ ಸುಲಭವಾಗಿ ಸಿಗುವುದಿಲ್ಲ. ಆದರೆ ಕಾಫಿ ಹಣ್ಣನ್ನು ಕಿತ್ತ ದಿನವೇ ಪಲ್ಪರಿಗೆ ಹಾಕಬೇಕು. ಸುಲಿದ ಹಸಿ ಅಡಿಕೆ ತಡಮಾಡದೆ ಬೇಯಿಸುವ ಹಂಡೆಗೆ ಹೋಗಬೇಕು. ಕೊನೆ ಇಳಿಸುವ ಕಾಲದಲ್ಲಿ ಜೀಪು ಎರಡು ದಿನ ಮಲಗಿದರೆ ಆಗುವ ನಷ್ಟ ರಿಪೇರಿಯ ಬಿಲ್ಲಿಗಷ್ಟೇ ನಿಲ್ಲುವುದಿಲ್ಲ. ಆದ್ದರಿಂದ ಸವೆದ ಇಂಜಿನ್ನಿನ ವಿಷಯವನ್ನು ಸದಸ್ಯರು ಕೂಡಿ ಯೋಚಿಸುವುದು ಒಳ್ಳೆಯದು.

ಹೊಗೆ ಬಂದ ಕೂಡಲೇ "ರಿಂಗ್ ಹಾಕಿಸಿದರೆ ಸಾಕು" ಎನ್ನುವ ಮಾತು ವರ್ಕ್‌ಶಾಪುಗಳಲ್ಲಿ ಸಾಮಾನ್ಯ. ಕಡಿಮೆ ಖರ್ಚಿನದೆಂದು ಕಾಣುವ ಈ ಅರ್ಧ ಕೆಲಸವೇ ಕೊನೆಗೆ ದುಬಾರಿ ಎಂಬುದು ನನ್ನ ಅಭಿಪ್ರಾಯ. ಸಿಲಿಂಡರು ಮೇಲಿನಿಂದ ಕೆಳಗೆ ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಸವೆತ ಹೆಚ್ಚು. ಅಲ್ಲಿ ಸಣ್ಣ ಅಂಚೊಂದು ಏಳುತ್ತದೆ. ಹೊಸ ರಿಂಗು ಆ ಅಂಚಿಗೆ ಬಡಿದು ಮುರಿಯಬಹುದು. ಮುರಿಯದಿದ್ದರೂ ಮೊಟ್ಟೆಯಾಕಾರಕ್ಕೆ ತಿರುಗಿದ ಸಿಲಿಂಡರಿನಲ್ಲಿ ದುಂಡನೆಯ ರಿಂಗು ಕೂರುವುದಿಲ್ಲ. ಮರುವರ್ಷ ಮತ್ತೆ ಬಿಚ್ಚುವ ಕೆಲಸ. ಕೂಲಿ, ಗ್ಯಾಸ್ಕೆಟ್, ಎಣ್ಣೆ ಎಲ್ಲವೂ ಎರಡನೆಯ ಸಲ.

ಬಿಚ್ಚುವ ಮೊದಲು ರೋಗ ಎಲ್ಲಿದೆಯೆಂದು ತಿಳಿಯಬೇಕು. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಅದಕ್ಕೆ ನಾಜಲ್, ಪಂಪು, ಏರ್ ಫಿಲ್ಟರ್ ನೋಡಬೇಕೇ ಹೊರತು ಪಿಸ್ಟನ್ ಅಲ್ಲ. ಬೆಳಗಿನ ಚಳಿಯಲ್ಲಿ ಬಿಳಿ ಹೊಗೆ ಬಂದು ಸ್ಟಾರ್ಟಿಗೆ ಸತಾಯಿಸಿದರೆ ಹೀಟರ್ ಪ್ಲಗ್ ಕೆಟ್ಟಿರಬಹುದು, ಕಂಪ್ರೆಷನ್ ಇಳಿದಿರಬಹುದು. ಡೀಸೆಲ್ ಇಂಜಿನ್ನಿಗೆ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಹುಟ್ಟಿಸಿದ ಕಾವೇ ಅದರ ಕಿಡಿ. ಒತ್ತಡ ಸೋರಿದರೆ ಕಾವೂ ಇಲ್ಲ. ನಾಲ್ಕು ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸಿ. ಕಡಿಮೆ ಬಂದ ಸಿಲಿಂಡರಿಗೆ ತುಸುವೇ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಏರಿದರೆ ದೋಷ ರಿಂಗು-ಸಿಲಿಂಡರಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ಬಿಸಿ ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ತೀರ ಇಳಿದರೆ ಬೇರಿಂಗುಗಳ ಮೇಲೆ ಅನುಮಾನ ಪಡಬೇಕು.

ಬಿಚ್ಚಿದ ಮೇಲೆ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆದು ಬರೆದುಕೊಡಲು ಹೇಳಿ. ಎಂಎಂ 540 ಜೀಪಿನ 2,112 ಸಿ.ಸಿ. ಪ್ಯೂಜೊ ಇಂಜಿನ್ನಿನ ಬೋರು 90 ಮಿ.ಮೀ., ಆನಂತರ ಬಂದ 2,523 ಸಿ.ಸಿ. ಡಿ.ಐ. ಇಂಜಿನ್ನಿನದು 88.9 ಮಿ.ಮೀ. ಪ್ಯೂಜೊದಲ್ಲಿ ನೀರು ತಾಗುವ ಲೈನರುಗಳಿವೆ. ಅವನ್ನು ಪಿಸ್ಟನ್ ಸಮೇತ ಬದಲಿಸಬಹುದು. ಆದರೆ ಲೈನರು ಬ್ಲಾಕಿನ ಮೇಲೆ ಎಷ್ಟು ಎದ್ದು ನಿಂತಿದೆಯೆಂದು ಅಳೆಯದೆ ಹೆಡ್ ಕೂರಿಸಿದರೆ ಗ್ಯಾಸ್ಕೆಟ್ ಬಾಳುವುದಿಲ್ಲ. ಕ್ರ್ಯಾಂಕ್ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸಿ ಅದರ ಅಳತೆಗೆ ತಕ್ಕ ಬೇರಿಂಗ್ ಹಾಕಿಸಬೇಕು. ಪಂಪು, ನಾಜಲುಗಳನ್ನು ಟೆಸ್ಟ್ ಬೆಂಚ್ ಇರುವಲ್ಲಿಯೇ ಸರಿಪಡಿಸಬೇಕು. ಕಣ್ಣಂದಾಜು ಅಲ್ಲಿ ನಡೆಯದು.

ಇಷ್ಟೆಲ್ಲ ಮಾಡಿಯೂ ಸವೆತದ ಮೂಲವನ್ನು ಬಿಟ್ಟರೆ ಹಣ ನೀರಿನಲ್ಲಿ ಹೋಮವಾಗುತ್ತದೆ. ನಮ್ಮ ಬಯಲಿನ ಧೂಳೇ ಆ ಮೂಲ. ಎಣ್ಣೆ ಹಾಕುವ ಏರ್ ಕ್ಲೀನರಿನಲ್ಲಿ ಕೆಸರು ಕಟ್ಟಿದ್ದರೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ, ಮಣ್ಣಿನ ಕಣ ನೇರವಾಗಿ ಸಿಲಿಂಡರಿಗೆ ಇಳಿದು ಅರ ಹಾಕಿದಂತೆ ಉಜ್ಜುತ್ತದೆ. "ಬಿಸಿಯಾಗಬಾರದು" ಎಂದು ಥರ್ಮೋಸ್ಟಾಟ್ ಕಿತ್ತೆಸೆಯುವ ಪದ್ಧತಿಯೂ ತಪ್ಪು. ತಣ್ಣಗೆ ಓಡುವ ಇಂಜಿನ್ ಬೇಗ ಸವೆಯುತ್ತದೆ.

ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರು ಬಾಣಂತನವಿದ್ದಂತೆ. ಪೂರ್ತಿ ಲೋಡು ಹೇರಿ ಕಲ್ಲತ್ತಿಗಿರಿಯ ಏರು ಹತ್ತಿಸಬೇಡಿ. ಹಾಗೆಂದು ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದೂ ಕೂಡದು, ರಿಂಗುಗಳು ಕೂರುವುದಿಲ್ಲ. ಮೊದಲ ಎಣ್ಣೆಯನ್ನು ಬೇಗನೆ ಬದಲಿಸಿ.

ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸುವುದು ಲೇಸೆನ್ನುವವರಿದ್ದಾರೆ. ಅದರ ಸವೆತವೂ ನಮಗೆ ಕಾಣದು, ಅದರ ನಂಬರು ಆರ್.ಸಿ.ಯಲ್ಲಿಯೂ ಇರದು. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರಲ್ಲಿ ಏರಿತು, 20 ವರ್ಷ ಮೀರಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿತು. ಆದ್ದರಿಂದ ಛಾಸಿ ತುಕ್ಕು ತಿಂದಿದ್ದರೆ ಇಂಜಿನ್ನಿಗೆ ಹಣ ಸುರಿಯಬೇಡಿ, ಮಾರಿಬಿಡಿ. ಛಾಸಿ ಗಟ್ಟಿಯಿದ್ದರೆ ಒಂದೇ ಸಲ, ಪೂರ್ತಿಯಾಗಿ ಮಾಡಿಸಿ.

ಇದರಲ್ಲಿ ಸಂಘ ಮಾಡಬಹುದಾದ ಕೆಲಸವೂ ಇದೆ. ಒಂದು ಕಂಪ್ರೆಷನ್ ಗೇಜು, ಒಂದು ಬೋರ್ ಗೇಜು, ಮೈಕ್ರೋಮೀಟರು ಒಬ್ಬ ಸಣ್ಣ ಬೆಳೆಗಾರ ಕೊಳ್ಳುವ ವಸ್ತುಗಳಲ್ಲ. ಸಂಘವೇ ಕೊಂಡು, ಸದಸ್ಯರಿಗೆ ಅಲ್ಪ ಬಾಡಿಗೆಗೆ ಕೊಡಲಿ. ಜೀಪಿಗೆ ಓಡಾಟ ಕಡಿಮೆಯಿರುವ ಮಳೆಗಾಲದಲ್ಲಿ ಐದಾರು ಸದಸ್ಯರು ಒಟ್ಟಿಗೆ ಕೆಲಸ ಕೊಟ್ಟರೆ ಬೋರಿಂಗ್, ಗ್ರೈಂಡಿಂಗ್ ದರದಲ್ಲಿ ಚೌಕಾಸಿಗೂ ಬಲ ಬರುತ್ತದೆ. ಅಡಿಕೆಯನ್ನು ತೂಗಿ ಮಾರುವ ನಾವು ಇಂಜಿನ್ನನ್ನು ಮಾತ್ರ ಅಂದಾಜಿನ ಮೇಲೆ ಬಿಡುವುದು ನ್ಯಾಯವಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಆಡಳಿತ ಮಂಡಳಿಯಲ್ಲಿ ವಿನಂತಿ.