ನೋವಿನ ಅಳತೆ ಯಾರದು?

ಮಗಳು ನರ್ಸಿಂಗ್ ಓದುತ್ತೇನೆಂದರೆ ಮನೆಯವರು ಮೊದಲು ವಿಚಾರಿಸುವುದು ರಾತ್ರಿ ಪಾಳಿಯನ್ನು, ಆಮೇಲೆ ಸಂಬಳವನ್ನು. ‘ಇನ್ನೊಬ್ಬರ ನೋವನ್ನು ದಿನವೂ ಕೇಳಿಸಿಕೊಳ್ಳಬಲ್ಲೆಯಾ?’ ಎಂದು ಕೇಳುವವರು ಕಡಿಮೆ.

ಬೆಂಗಳೂರಿನ ಬ್ರೂಕ್‌ಫೀಲ್ಡ್‌ಗೆ ಹತ್ತಿರದಲ್ಲೇ, ಕುಂದಲಹಳ್ಳಿ ಗೇಟಿನ ಆಸುಪಾಸಿನಲ್ಲಿ ‘ಕರುಣಾಶ್ರಯ’ವಿದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುವ ಇದು 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನದು. ಇಂಥ ಕಡೆ ನೋವು ತಗ್ಗಿಸುವುದೇ ಮುಖ್ಯ ಚಿಕಿತ್ಸೆ.

ನೋವುಂಡವರಿಗೆ ನೋವು ಬೇಗ ತಿಳಿಯುತ್ತದೆ ಎನ್ನುವುದು ಸುಳ್ಳಲ್ಲ. ಹಾಸ್ಪೈಸ್‌ಗಳಿಗೆ ಇಂದಿನ ರೂಪ ಕೊಟ್ಟ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು. ಬೆನ್ನುನೋವಿನಿಂದಾಗಿ ಆ ಕೆಲಸ ಬಿಡಬೇಕಾಯಿತು. ಛಲ ಬಿಡದೆ ಮತ್ತೆ ಓದಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ರೋಗಿ ನರಳುವವರೆಗೆ ಕಾಯದೆ, ನೋವು ಮರುಕಳಿಸುವ ಮೊದಲೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಬೇಕೆಂದು ವಾದಿಸಿದವರು ಅವರು.

ಆದರೆ ಸ್ವಂತ ಅನುಭವ ಅಡ್ಡಬರುವುದೂ ಉಂಟು. ‘ನನಗೂ ಸಿಸೇರಿಯನ್ ಆಗಿತ್ತು, ಮೂರನೇ ದಿನವೇ ಓಡಾಡಿದೆ’ ಎಂದುಕೊಂಡ ನರ್ಸ್‌ಗೆ ಎದುರಿನ ಬಾಣಂತಿಯ ನರಳಾಟ ಅತಿಯೆನಿಸಬಹುದು. (ಸೊಸೆಯ ಹೆರಿಗೆಯಲ್ಲಿ ಅತ್ತೆಯಂದಿರು ಆಡುವ ಮಾತೂ ಇದೇ ತಾನೆ!) ಒಬ್ಬರು ತಾಳಿಕೊಂಡದ್ದು ಇನ್ನೊಬ್ಬರಿಗೆ ಲೆಕ್ಕವಾಗದು. ರೋಗಿ ಎಷ್ಟು ಎನ್ನುತ್ತಾರೋ ನೋವು ಅಷ್ಟೇ ಎಂದು ಅಮೆರಿಕದ ನರ್ಸ್ ಮಾರ್ಗೋ ಮೆಕಾಫ್ರಿ 1968ರಲ್ಲೇ ಬರೆದರು. ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದು ರೋಗಿಯನ್ನೇ ಕೇಳುವ ಪದ್ಧತಿಯ ಹಿಂದಿರುವ ನಂಬಿಕೆಯೂ ಅದೇ.

ಅಂಕವೊಂದೇ ಸಾಲದು, ಮಾತನ್ನೂ ಗಮನಿಸಬೇಕು. ‘ಉರಿ’, ‘ಕರೆಂಟು ಹೊಡೆದ ಹಾಗೆ’ ಎಂದರೆ ನರದ ನೋವಿರಬಹುದು. ಅದಕ್ಕೆ ಮದ್ದೇ ಬೇರೆ. ಬ್ರೂಕ್‌ಫೀಲ್ಡ್‌ನಂಥ ಕಡೆ ಒಂದೇ ವಾರ್ಡಿನಲ್ಲಿ ‘ನೋವು’, ‘ನೊಪ್ಪಿ’, ‘ವಲಿ’, ‘ದರ್ದ್’ ಎಲ್ಲವೂ ಕಿವಿಗೆ ಬೀಳಬಹುದು. ಏನನ್ನೂ ಹೇಳದವರದು ಇನ್ನೂ ಕಷ್ಟ. ಮಂಚದ ಕಂಬಿ ಬಿಗಿಹಿಡಿದುಕೊಂಡೇ ‘ಪರವಾಗಿಲ್ಲಮ್ಮ’ ಎನ್ನುವ ಅಜ್ಜನ ಕೈಯನ್ನೂ ನರ್ಸ್ ನೋಡಬೇಕು. ಮಾತ್ರೆ ಕೊಟ್ಟು ಗಂಟೆಯಾದ ಮೇಲೆ ಮತ್ತೆ ಬಂದು, ‘ಈಗ ಎಷ್ಟಿದೆ ತಾತ?’ ಎಂದು ಕೇಳಿ, ಅವರು ಹೇಳಿದ್ದನ್ನೇ ಬರೆದಿಡಬೇಕು.