ಹಳೆಯ ಜೋಂಗಕ್ಕೆ ಡಿಸ್ಕ್ ಬ್ರೇಕು

ಬಿ.ಎ. ಓದುವವನಿಗೆ ಬ್ರೇಕಿನ ಗೊಡವೆ ಏಕೆಂದು ವಾಚಕರು ನಗಬಹುದು. ನನ್ನ ತಂದೆ ಕಾಫಿ ತೋಟವೊಂದರಲ್ಲಿ ಡ್ರೈವರು. ಅವರು ನಡೆಸುವುದು ಸೈನ್ಯದ ಹರಾಜಿನಲ್ಲಿ ಕೊಂಡ ಹಳೆಯ ಜೋಂಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಶುಲ್ಕವೂ ಪುಸ್ತಕವೂ ಆ ಗಾಡಿಯ ಗಾಲಿಗಳ ಮೇಲೆಯೇ ಬಂದಿವೆ. ಆದ್ದರಿಂದ ಅದರ ಬಗ್ಗೆ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ಕೊಡಗಿನವರಿಗೆ ಜೋಂಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದ ಸ್ನೇಹಿತರಿಗಾಗಿ ಹೇಳುವುದಾದರೆ, ಜಪಾನಿನ ನಿಸ್ಸಾನ್ ಪ್ಯಾಟ್ರೋಲ್ ಮಾದರಿಯಲ್ಲಿ ಜಬಲ್ಪುರದ ಸರ್ಕಾರಿ ಕಾರ್ಖಾನೆ ನಮ್ಮ ಸೈನ್ಯಕ್ಕೆಂದು ತಯಾರಿಸಿದ ವಾಹನವಿದು. 3956 ಸಿ.ಸಿ.ಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ನಾಲ್ಕು ಗಾಲಿಗೂ ಡ್ರಮ್ ಬ್ರೇಕು. 1999ರಲ್ಲಿ ತಯಾರಿಕೆ ನಿಂತಿತು. ಸೈನ್ಯ ಕೈಬಿಟ್ಟ ಗಾಡಿಗಳನೇಕ ತೋಟಗಳನ್ನು ಸೇರಿದವು.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಮೆಣಸಿನ ಚೀಲ ಹೇರಿಕೊಂಡು ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಇಳಿಯುತ್ತಿದ್ದೆವು. ನಾನು ತಂದೆಯವರ ಪಕ್ಕದಲ್ಲಿದ್ದೆ. ಒಂದು ತಿರುವಿನಲ್ಲಿ ಅವರ ಕಾಲು ಪೆಡಲಿನೊಡನೆ ತಳದವರೆಗೂ ಹೋಯಿತು. ಎರಡನೆಯ ಗೇರು, ಮೊದಲನೆಯ ಗೇರು, ಕೈಬ್ರೇಕು; ಕೊನೆಗೆ ಬರೆಯ ಮಣ್ಣಿಗೆ ಗಾಡಿಯ ಮಗ್ಗುಲು ಉಜ್ಜಿ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಬರೆ ಇರಲಿಲ್ಲ, ಕಣಿವೆಯಿತ್ತು. ಮನೆಗೆ ಮರಳುವವರೆಗೂ ಅವರು ಒಂದು ಮಾತೂ ಆಡಲಿಲ್ಲ.

ಅನಂತರ ಗಾಲಿ ಬಿಚ್ಚಿಸಿದಾಗ ಹಿಂದಿನ ಒಂದು ಡ್ರಮ್ಮಿನೊಳಗೆ ಅಂಗೈಯಗಲದ ರಬ್ಬರಿನ ಬಟ್ಟಲಲ್ಲ, ಬೆರಳ ತುದಿಯಷ್ಟರ ಬಟ್ಟಲೊಂದು ಸವೆದು ಎಣ್ಣೆ ಸೋರಿಹೋಗಿತ್ತು. ನಾಲ್ಕು ಗಾಲಿಗೂ ಎಣ್ಣೆಯ ದಾರಿ ಒಂದೇ ಆದುದರಿಂದ ಒಂದು ಗಾಲಿಯ ಸೋರಿಕೆಗೆ ನಾಲ್ಕೂ ಸತ್ತಿದ್ದವು.

ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಹಾಕಿಸೋಣವೆಂದು ಮೇಸ್ತ್ರಿ ಸೂಚಿಸಿದರು. ಸಾಹುಕಾರರು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ಹಳೆಯ ಗಾಡಿಗಳ ಅಭಿಮಾನಿಯಾದ ಅವರ ಸ್ನೇಹಿತರೊಬ್ಬರು, ‘ಮೂಲರೂಪ ಕೆಡುತ್ತದೆ, ಮುಟ್ಟಬೇಡಿ’ ಎಂದರು. ಈ ಲೇಖನ ಅವರಿಗೆ ನನ್ನ ಉತ್ತರ.

ಡಿಸ್ಕ್ ಬ್ರೇಕು ನಿನ್ನೆ ಮೊನ್ನೆಯ ಫ್ಯಾಷನ್ನಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದನು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯ ಗೆದ್ದ ಜಾಗ್ವಾರ್ ಕಾರಿಗೆ ಡಿಸ್ಕುಗಳಿದ್ದವು. ವಯಸ್ಸಿನ ಮಾತೇ ಆದರೆ ಡಿಸ್ಕು ಜೋಂಗಕ್ಕಿಂತ ಹಿರಿಯದು. ಘಾಟಿಯಲ್ಲಿ ಕಾದಾಗ ಡ್ರಮ್ಮು ಹಿಗ್ಗಿ ಪಟ್ಟಿಯಿಂದ ದೂರ ಸರಿಯುತ್ತದೆ. ಡಿಸ್ಕು ಹಿಗ್ಗಿದರೆ ಪಟ್ಟಿಯ ಕಡೆಗೇ ಬರುತ್ತದೆ. ಹೊಳೆ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರೂ ಕೆಸರೂ ಉಳಿಯುತ್ತವೆ. ಡಿಸ್ಕು ತಿರುಗುತ್ತಲೇ ಅವನ್ನು ಕೊಡವಿಬಿಡುತ್ತದೆ. ನಮ್ಮ ಮಳೆ ಕಂಡವರಿಗೆ ಇದು ಸಣ್ಣ ವಿಷಯವಲ್ಲ.

ಹೀಗೆಂದು ಮೇಸ್ತ್ರಿಯ ಮಾತನ್ನೂ ನಾನು ಪೂರ್ತಿ ಒಪ್ಪುವವನಲ್ಲ. ಡಿಸ್ಕು ಹಾಕಿ ಎಣ್ಣೆಯ ದಾರಿಯನ್ನು ಒಂದಾಗಿಯೇ ಉಳಿಸಿದರೆ ಸಂಪಾಜೆಯ ಆ ತಿರುವು ಮತ್ತೆ ಬರಬಹುದು. ಮೊದಲು ಬೇಕಾದುದು ಮುಂದಿನ ಗಾಲಿಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ದಾರಿಗಳುಳ್ಳ ಮಾಸ್ಟರ್ ಸಿಲಿಂಡರು. ಇನ್ನೊಂದು ತೊಡಕಿದೆ. ತಿರುಗುವ ಡ್ರಮ್ಮು ತನ್ನ ಪಟ್ಟಿಯನ್ನು ತಾನೇ ಸೆಳೆದು ಬಿಗಿಗೊಳಿಸುತ್ತದೆ; ಡಿಸ್ಕಿಗೆ ಆ ಗುಣವಿಲ್ಲ, ಕಾಲಿನ ಒತ್ತಡ ಹೆಚ್ಚು ಬೇಕು. ಅದಕ್ಕೆ ಬೂಸ್ಟರು, ಬೂಸ್ಟರಿಗೆ ನಿರ್ವಾತ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ತಾನಾಗಿ ದೊರೆಯುತ್ತದೆ. ಆದರೆ ನಮ್ಮ ಜೋಂಗದಲ್ಲಿ ಈಗಿರುವುದು ಡೀಸೆಲ್ ಎಂಜಿನ್ನು! ಪ್ರತ್ಯೇಕ ಪಂಪು ಬೇಕು.

ಇಲ್ಲಿಯೇ ನನಗೆ ಸಿಟ್ಟು ಬರುವುದು. ಪೆಟ್ರೋಲಿನ ಖರ್ಚು ತಾಳಲಾರದೆ ಎಂಜಿನ್ನನ್ನೇ ಕಿತ್ತು ಬದಲಾಯಿಸಿದಾಗ ಮೂಲರೂಪದ ನೆನಪು ಯಾರಿಗೂ ಆಗಲಿಲ್ಲ. ಹಣ ಉಳಿಸುವ ಬದಲಾವಣೆಗೆ ಆಕ್ಷೇಪವಿಲ್ಲ. ಡ್ರೈವರನ್ನು ಉಳಿಸುವ ಬದಲಾವಣೆಗೆ ಮಾತ್ರ ಇತಿಹಾಸ ಅಡ್ಡ ಬರುತ್ತದೆ! ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮವೂ ಮೂಲರೂಪವನ್ನು ಕೇಳುತ್ತದೆ, ನಿಜ. ಆದರೆ ಅದು ಹೆಸರಿಸಿ ಹೇಳಿರುವುದು ಚಾಸಿಸ್, ಮೈಕಟ್ಟು ಮತ್ತು ಎಂಜಿನ್ನನ್ನು. ಅಭಿಮಾನಿಗಳು ಕಾಯಬೇಕಾಗಿದ್ದ ವಸ್ತು ಆಗಲೇ ಗುಜರಿಗೆ ಹೋಗಿದೆ. ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆಯಾದ್ದರಿಂದ, ಸಾರಿಗೆ ಕಚೇರಿಯನ್ನು ಕೇಳಿಯೇ ಕೈಹಾಕತಕ್ಕದ್ದು. ಆ ಅರ್ಜಿಯನ್ನು ಬರೆಯುವಷ್ಟು ವಿದ್ಯೆ ಈ ಕಾಲೇಜು ನನಗೆ ಕೊಟ್ಟಿದೆ.

ಪ್ರದರ್ಶನದಲ್ಲಿ ಹಗ್ಗ ಕಟ್ಟಿ ನಿಲ್ಲಿಸುವ ಗಾಡಿಗೆ ಡ್ರಮ್ಮೇ ಇರಲಿ, ನನ್ನ ತಕರಾರಿಲ್ಲ. ದಿನವೂ ಆಳುಗಳನ್ನು ಕೂರಿಸಿಕೊಂಡು ಇಳಿಜಾರು ಇಳಿಯುವ ಗಾಡಿಯ ಲೆಕ್ಕ ಬೇರೆ. ಅದರ ಮೂಲರೂಪದ ಬಗ್ಗೆ ಮಾತನಾಡುವವರು ಒಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತು ಬರಲಿ.

ಎರಡು ದಾರಿಯ ಸಿಲಿಂಡರಿಗೆ ಸಾಹುಕಾರರು ಈಗ ಒಪ್ಪಿದ್ದಾರೆ. ಡಿಸ್ಕಿನ ಮಾತು ಕಾಫಿ ಕೊಯ್ಲು ಮುಗಿದ ಮೇಲೆ ಎಂದಿದ್ದಾರೆ. ಅರ್ಜಿ ಬರೆದು ಇಟ್ಟಿದ್ದೇನೆ. ತಂದೆಯವರು ಮಾತ್ರ ಘಾಟಿಯ ತಲೆಯಲ್ಲಿ ಗಾಡಿ ನಿಲ್ಲಿಸಿ, ಪೆಡಲನ್ನು ಮೂರು ಬಾರಿ ತುಳಿದು ನೋಡಿ, ಎರಡನೆಯ ಗೇರಿಗೆ ಹಾಕಿಯೇ ಇಳಿಯುತ್ತಾರೆ.