ಮುದ್ರೆಯ ಮಾನ

ಫ್ರಾನ್ಸಿನ 18ನೇ ಶತಮಾನದ ಕುರ್ಚಿ, ಮೇಜುಗಳ ಕೆತ್ತನೆಗೂ ಚಿನ್ನದ ಲೇಪಕ್ಕೂ ಮರುಳಾಗುವುದು ಸಹಜ. ಆದರೆ ಬಲ್ಲವರು ಮೊದಲು ಅವುಗಳನ್ನು ತಲೆಕೆಳಗು ಮಾಡಿ ಪರಿಶೀಲಿಸುತ್ತಾರೆ. ಅಂದಿನ ಪ್ಯಾರಿಸ್ಸಿನ ಬಡಗಿಗಳ ಸಂಘವು, ತನ್ನ ಸದಸ್ಯರು ತಯಾರಿಸಿದ ಪೀಠೋಪಕರಣದ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತಬೇಕೆಂದು ವಿಧಿಸಿತ್ತು. ಸಂಘದ ಪರೀಕ್ಷಕರು ಒಪ್ಪಿದ ಮಾಲಿನ ಮೇಲೆ 'ಜೆಎಂಇ' ಎಂಬ ಮತ್ತೊಂದು ಮುದ್ರೆ ಬೀಳುತ್ತಿತ್ತು. ಇಂದಿನ ಹಾಲ್‌ಮಾರ್ಕ್, ಐ.ಎಸ್.ಐ. ಗುರುತುಗಳಿಗೆ ಅದು ಹಿರಿಯಣ್ಣನಿದ್ದಂತೆ. 1791ರಲ್ಲಿ ಇಂತಹ ಸಂಘಗಳು ರದ್ದಾದವು. ಮುದ್ರೆಯ ಬೆಲೆ ಮಾತ್ರ ಏರುತ್ತಲೇ ಹೋಯಿತು.

ಏರಿದ ಬೆಲೆಯೇ ವಂಚನೆಗೂ ದಾರಿಯಾಯಿತು. ವರ್ಸಾಯ್ ಅರಮನೆಯೇ ನಕಲಿ ಕುರ್ಚಿಗಳನ್ನು ಖರೀದಿಸಿದ್ದ ಸಂಗತಿ 2016ರಲ್ಲಿ ಬಯಲಾಯಿತು. 2025ರಲ್ಲಿ ನ್ಯಾಯಾಲಯವು ತಪ್ಪಿತಸ್ಥರೆಂದು ತೀರ್ಮಾನಿಸಿದವರಲ್ಲಿ, ಆ ಕಾಲದ ಕುರ್ಚಿಗಳ ಕುರಿತು ಪ್ರಮಾಣಗ್ರಂಥ ಬರೆದಿದ್ದ ತಜ್ಞರೂ ಒಬ್ಬರು. ಆದುದರಿಂದ ತಜ್ಞನ ಮಾತೊಂದನ್ನೇ ನೆಚ್ಚಿ ಹಣ ಹೂಡುವುದು ವಿವೇಕವಲ್ಲ. ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ದಾಖಲೆಯ ಕೊಂಡಿ ಎಲ್ಲಿಯೂ ಕಳಚಿರಬಾರದು. ವೋಚರ್ ಇಲ್ಲದ ಖರ್ಚನ್ನು ಒಪ್ಪದ ವರ್ತಕನಿಗೆ ಇದು ಹೊಸ ಪಾಠವೇನಲ್ಲ.

ತನ್ನ ಸರಕಿನ ಮೇಲೆ ಹೆಸರು ಒತ್ತುವ ಉತ್ಪಾದಕನಿಗೂ ಇಲ್ಲಿ ಒಂದು ಎಚ್ಚರಿಕೆಯಿದೆ. ಮುದ್ರೆಯನ್ನು ಯಾರು ಬೇಕಾದರೂ ಕೊರೆಯಬಲ್ಲರು. ಅದರ ಮಾನವನ್ನು ಕಾಯಬೇಕಾದುದು ಮಾಲಿನ ಗುಣ.